ದೊಡ್ಡ ಊರುಗಳ ಹಳೆ ಸಾಮಾನಿನ ಸಂತೆ, ಕರಕುಶಲ ಸಂತೆ: ಕೊಪ್ಪಳ, ಬಳ್ಳಾರಿ, ರಾಯಚೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆಯವರು ಬೆಂಗಳೂರಿಗೋ ಹೈದರಾಬಾದಿಗೋ ಹೋದಾಗ ಒಂದು ದಿನ ಬಿಡುವು ಸಿಕ್ಕರೆ ಮಾಲ್ ಸುತ್ತಿ ಬರುತ್ತಾರೆ. ಆ ಊರುಗಳ ಸಂತೆಗಳನ್ನು ನೋಡಿ ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕೊಪ್ಪಳದವನಾದ ನನಗೆ ಇದರಲ್ಲಿ ಸ್ವಲ್ಪ ಅಭಿಮಾನವೂ ಇದೆ. ಆ ಸಂತೆಗಳಲ್ಲಿ ಚೆಂದದ ಸಾಮಾನು ಅಂತ ಇಟ್ಟಿರುವುದರಲ್ಲಿ ಎಷ್ಟೋ ನಮ್ಮ ಸೀಮೆಯ ಕೈಗಳು ಮಾಡಿದ್ದು. ಹೋಗುವ ಮುಂಚೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವು.

ಹಳೆ ಸಾಮಾನಿನ ಸಂತೆ, ಕರಕುಶಲ ಸಂತೆ ಎರಡೂ ಒಂದೇ ಅಲ್ವಾ?

ಅಲ್ಲ. ಹಳೆ ಸಾಮಾನಿನ ಸಂತೆಯಲ್ಲಿ ಮಾರುವವರು ವ್ಯಾಪಾರಿಗಳು. ಮನೆ ಖಾಲಿ ಮಾಡಿದವರಿಂದ, ಗುಜರಿಯವರಿಂದ, ಮುಚ್ಚಿದ ಅಂಗಡಿಗಳಿಂದ ತಂದ ಸಾಮಾನನ್ನು ರಸ್ತೆ ಬದಿಯಲ್ಲಿ ಹರಡಿ ಕೂತಿರುತ್ತಾರೆ. ಅಲ್ಲಿ ಬೆಲೆ ಅನ್ನುವುದು ಮುಖ ನೋಡಿ ಹೇಳುವ ಮಾತು. ಕರಕುಶಲ ಸಂತೆಯಲ್ಲಿ ಎಷ್ಟೋ ಸಲ ಮಾಡಿದವರೇ ಮುಂದೆ ಕೂತಿರುತ್ತಾರೆ. ಅವರು ಹೇಳುವ ಬೆಲೆಯಲ್ಲಿ ಅವರ ಕೂಲಿ ಇದೆ.

ಎರಡೂ ಕಡೆ ಒಂದೇ ಥರ ನಡೆದುಕೊಂಡರೆ ಒಂದು ಕಡೆ ನೀವು ಕಳೆದುಕೊಳ್ಳುತ್ತೀರಿ, ಇನ್ನೊಂದು ಕಡೆ ಮಾಡಿದವರು ಕಳೆದುಕೊಳ್ಳುತ್ತಾರೆ. ಹಾಗಾಗಿ ಒಳಗೆ ಕಾಲಿಟ್ಟ ಕೂಡಲೇ ಇದು ಯಾವ ಥರದ ಸಂತೆ ಅಂತ ನೋಡಿಕೊಳ್ಳಿ. ಈಗ ಎರಡೂ ಬೆರೆತ ಸಂತೆಗಳೂ ಜಾಸ್ತಿ. ಅಂಥ ಕಡೆ ಒಂದೊಂದು ಅಂಗಡಿಯನ್ನೂ ಬೇರೆಯಾಗಿಯೇ ನೋಡಬೇಕು.

ಮೊದಲ ಸಲ ಹೋಗುವವರು ಯಾವ ಊರಿಗೆ ಹೋಗಬೇಕು?

ಕೊಪ್ಪಳ, ಹೊಸಪೇಟೆ, ಬಳ್ಳಾರಿ ಕಡೆಯವರಿಗೆ ಬೆಂಗಳೂರೇ ಸುಲಭ. ಹಂಪಿ ಎಕ್ಸ್‌ಪ್ರೆಸ್‌ಗೆ ಶನಿವಾರ ರಾತ್ರಿ ಹತ್ತಿದರೆ ಭಾನುವಾರ ಬೆಳಿಗ್ಗೆ ಬೆಂಗಳೂರಲ್ಲಿ ಇಳಿಯಬಹುದು. ಅಲ್ಲಿನ ಹಳೆ ಸಾಮಾನಿನ ಸಂತೆ ನಡೆಯುವುದೂ ಭಾನುವಾರ ಬೆಳಿಗ್ಗೆಯೇ. ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ. ರಸ್ತೆಯಲ್ಲಿ ಸುಮಾರು 200 ಕಿ.ಮೀ. ಬೆಂಗಳೂರು ಅದರ ಎರಡರಷ್ಟು ದೂರ.

ಬೆಂಗಳೂರಿನಲ್ಲಿ ಏನೇನು ನೋಡಬಹುದು?

ಮೊದಲು ಸಂಡೇ ಬಜಾರ್. ಚಿಕ್ಕಪೇಟೆ ಹತ್ತಿರ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಮತ್ತು ಅಕ್ಕಪಕ್ಕದಲ್ಲಿ ನಡೆಯುತ್ತದೆ. ಮೆಟ್ರೊದ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಯಲ್ಲಿ ಇಳಿದರೆ ನಡೆದೇ ಹೋಗಬಹುದು. ಹಳೆ ಗಡಿಯಾರ, ರೇಡಿಯೊ, ಸ್ಪ್ಯಾನರ್, ಬೀಗ, ಕ್ಯಾಮೆರಾ, ಶೂ, ಹಿತ್ತಾಳೆ ಪಾತ್ರೆ, ಒಂದೇ ಕಡೆ ಎಲ್ಲವೂ ರಾಶಿ ಬಿದ್ದಿರುತ್ತದೆ. ಬೆಳಿಗ್ಗೆ ಬೇಗ ಹೋದವರಿಗೆ ಒಳ್ಳೆ ಸಾಮಾನು ಸಿಗುತ್ತದೆ. ಹೊತ್ತೇರಿದ ಮೇಲೆ ಜನ ಜಾಸ್ತಿ, ಸಾಮಾನು ಕಮ್ಮಿ.

ಅಲ್ಲಿಂದ ಅವೆನ್ಯೂ ರಸ್ತೆಗೆ ನಡೆದು ಹೋಗಬಹುದು. ಹಳೆ ಪುಸ್ತಕಕ್ಕೆ, ಅದರಲ್ಲೂ ಕಾಲೇಜು ಮಕ್ಕಳ ಪಠ್ಯಪುಸ್ತಕಕ್ಕೆ, ಅದು ಹೆಸರಾದ ಜಾಗ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮ ಹುಡುಗರು ಪಟ್ಟಿ ಬರೆದುಕೊಂಡು ಹೋಗಿ ಹುಡುಕಿದರೆ ದುಡ್ಡು ಉಳಿಯುತ್ತದೆ. ಯಾವ ವರ್ಷದ ಮುದ್ರಣ ಅಂತ ಒಳಪುಟ ತೆಗೆದು ನೋಡಿಯೇ ದುಡ್ಡು ಕೊಡಿ. ಪಠ್ಯ ಬದಲಾಗಿದ್ದರೆ ಅಗ್ಗದ ಪುಸ್ತಕವೂ ದಂಡ.

ಕರಕುಶಲಕ್ಕೆ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. ಅದರ ಆವರಣದಲ್ಲಿ ಕರಕುಶಲ ಮೇಳಗಳು ನಡೆಯುತ್ತಿರುತ್ತವೆ. ಜನವರಿಯ ಒಂದು ಭಾನುವಾರ ಅದೇ ರಸ್ತೆಯಲ್ಲಿ ಚಿತ್ರಸಂತೆ. ಅವತ್ತು ಚಿತ್ರಕಾರರೇ ತಮ್ಮ ಚಿತ್ರಗಳನ್ನು ರಸ್ತೆ ಬದಿಯಲ್ಲಿ ಇಟ್ಟುಕೊಂಡು ಕೂರುತ್ತಾರೆ. ಬಿಡಿಸಿದವರ ಜೊತೆ ನಿಂತು ಮಾತಾಡುವ ಅವಕಾಶ ಬೇರೆ ಯಾವ ಗ್ಯಾಲರಿಯಲ್ಲೂ ಇಷ್ಟು ಸಲೀಸಾಗಿ ಸಿಗುವುದಿಲ್ಲ.

ಎಂ.ಜಿ. ರಸ್ತೆಯ ಕಾವೇರಿ ಎಂಪೋರಿಯಂ ಸಂತೆಯಲ್ಲ, ಸರ್ಕಾರದ ಅಂಗಡಿ. ಆದರೂ ಸಂತೆಗೆ ಹೋಗುವ ಮೊದಲು ಅಲ್ಲಿ ಒಂದು ಸುತ್ತು ಹಾಕಿ. ಬಿದ್ರಿ, ಚನ್ನಪಟ್ಟಣದ ಗೊಂಬೆ, ಗಂಧದ ಕೆತ್ತನೆಗೆ ಏನು ಬೆಲೆ ಅಂತ ಚೀಟಿಯಲ್ಲೇ ಇರುತ್ತದೆ. ಆ ಬೆಲೆ ತಲೆಯಲ್ಲಿದ್ದರೆ ಸಂತೆಯಲ್ಲಿ ಯಾರೂ ನಿಮ್ಮನ್ನು ಏಮಾರಿಸಲಾಗದು.

ಹೈದರಾಬಾದಿನಲ್ಲಿ?

ಅಲ್ಲೂ ಭಾನುವಾರಕ್ಕೇ ಬೆಲೆ. ಎರ್ರಗಡ್ಡದಲ್ಲಿ ಹಳೆ ಸಾಮಾನಿನ ಸಂತೆ, ಆಬಿಡ್ಸ್‌ನಲ್ಲಿ ಫುಟ್‌ಪಾತ್ ಮೇಲೆ ಪುಸ್ತಕಗಳ ಸಾಲು. ಮಾಧಾಪುರದ ಶಿಲ್ಪಾರಾಮಂ 1992ರಿಂದ ಇರುವ ಕರಕುಶಲ ಗ್ರಾಮ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬೇಕು. ಮಕ್ಕಳು ಓಡಾಡಲು ಜಾಗ ಇದೆ, ಕೂರಲು ನೆರಳಿದೆ. ಅಜ್ಜ ಅಜ್ಜಿಯನ್ನು ಕರೆದುಕೊಂಡು ಹೋಗುವವರಿಗೆ ನಾನು ಹೇಳುವುದು ಇದನ್ನೇ.

ಚಾರ್ಮಿನಾರ್ ಪಕ್ಕದ ಲಾಡ್ ಬಜಾರ್ ಬಳೆಗಳಿಗೆ ಹೆಸರಾದದ್ದು. ಹೈದರಾಬಾದಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ಒಂದು ಊರಿನ ಹೆಸರು ಆ ಊರಿನ ಸಾಮಾನಿಗೇ ಸಲ್ಲಬೇಕು ಅನ್ನುವ ಕಾನೂನಿನ ರಕ್ಷಣೆ ಅದು. ಕಾಯಿಸಿದ ಅರಗಿನ ಮೇಲೆ ಒಂದೊಂದೇ ಹರಳು ಕೂರಿಸುವುದನ್ನು ಕೆಲವು ಕಡೆ ಕಣ್ಣೆದುರೇ ನೋಡಬಹುದು. ಅದನ್ನು ನೋಡಿ, ಆಮೇಲೆ ಬೆಲೆ ಕೇಳಿ. ಜನವರಿಯಲ್ಲಿ ಹೋಗುವುದಾದರೆ ನಾಂಪಲ್ಲಿಯ ನುಮಾಯಿಷ್ ಬಿಡಬೇಡಿ. 1938ರಲ್ಲಿ ಶುರುವಾದ ಪ್ರದರ್ಶನ ಅದು. ಜನವರಿ 1ರಿಂದ ಫೆಬ್ರವರಿ ಮಧ್ಯದವರೆಗೆ ನಡೆಯುತ್ತದೆ. ದೇಶದ ಬೇರೆ ಬೇರೆ ಕಡೆಯ ವ್ಯಾಪಾರಿಗಳು ಬರುತ್ತಾರೆ.

ಮುಂಬೈ, ದೆಹಲಿ ಅಷ್ಟು ದೂರ ಹೋಗಬೇಕಾ?

ಸಂತೆಗಾಗಿಯೇ ಬೇಡ. ಬೇರೆ ಕೆಲಸಕ್ಕೆ ಹೋದಾಗ ನೋಡಿ. ಮುಂಬೈಯ ಚೋರ್ ಬಜಾರ್ ಮಟನ್ ಸ್ಟ್ರೀಟ್‌ನಲ್ಲಿದೆ. ಹಳೆ ಪೀಠೋಪಕರಣ, ಸಿನಿಮಾ ಪೋಸ್ಟರ್, ದೀಪ, ಗ್ರಾಮಫೋನ್ ಅಂಗಡಿಗಳಿವೆ. ಶುಕ್ರವಾರ ಆ ಅಂಗಡಿಗಳಿಗೆ ರಜೆ, ಅವತ್ತು ಬೆಳಿಗ್ಗೆ ರಸ್ತೆ ಮೇಲಿನ ಸಂತೆ ನಡೆಯುತ್ತದೆ. ದೆಹಲಿಯಲ್ಲಿ ಐಎನ್‌ಎ ಮೆಟ್ರೊ ಪಕ್ಕದ ದಿಲ್ಲಿ ಹಾಟ್. 1994ರಲ್ಲಿ ತೆರೆದದ್ದು. ಅಲ್ಲಿ ಕುಶಲಕರ್ಮಿಗಳಿಗೆ ಹದಿನೈದು ದಿನಕ್ಕೆ ಮಳಿಗೆ ಕೊಡುತ್ತಾರೆ, ಆಮೇಲೆ ಬೇರೆಯವರು ಬರುತ್ತಾರೆ. ಹಾಗಾಗಿ ಒಂದು ತಿಂಗಳು ಬಿಟ್ಟು ಹೋದರೆ ಬೇರೆಯದೇ ಸಂತೆ ನೋಡಿದಂತೆ.

ಬೆಂಗಳೂರಲ್ಲಿ ಕಿನ್ನಾಳ ಗೊಂಬೆಗೆ ಇಷ್ಟು ರೇಟ್ ಯಾಕೆ? ಅದು ಅಸಲಿನಾ?

ಕೊಪ್ಪಳದವರು ನನ್ನನ್ನು ತುಂಬ ಕೇಳುವ ಪ್ರಶ್ನೆ ಇದು. ನನಗೂ ಇಷ್ಟದ ಪ್ರಶ್ನೆ.

ಕಿನ್ನಾಳದಲ್ಲಿ ಗೊಂಬೆ ಮಾಡುವವರನ್ನು ಚಿತ್ರಗಾರರು ಅನ್ನುತ್ತಾರೆ. ಅವರು ಹಗುರವಾದ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಅದರ ಮೇಲೆ ಹತ್ತಿ ಅಂಟಿಸಿ, ಕಲ್ಲಿನ ಪುಡಿಯ ಲೇಪ ಬಳಿದು ನುಣುಪು ಮಾಡುತ್ತಾರೆ. ದೇವರ ಮೈಮೇಲಿನ ಒಡವೆ ಉಬ್ಬಿ ಕಾಣುತ್ತದಲ್ಲ, ಅದು ಕೆತ್ತಿದ್ದಲ್ಲ. ಅಂಟು ಬೆರೆಸಿದ ಆ ಕಲ್ಲುಪುಡಿಯಿಂದಲೇ ಮೇಲೆ ಎಬ್ಬಿಸಿದ್ದು. ಕಡೆಗೆ ಬಣ್ಣ. ಪ್ರತಿ ಪದರವೂ ಒಣಗಬೇಕು, ಆಮೇಲೆಯೇ ಮುಂದಿನದು. ಗೌರಿ, ಗರುಡ, ಗಿಳಿ, ಹಣ್ಣು ತರಕಾರಿ, ಯಾವುದಾದರೂ ಕೆಲಸ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ.

ಈಗ ಬೆಲೆಯ ಮಾತು. ಗೊಂಬೆ ಕಿನ್ನಾಳದಿಂದ ಬೆಂಗಳೂರಿಗೆ ಹೋಗುವಾಗ ಸಾಗಣೆ, ಮಳಿಗೆ ಬಾಡಿಗೆ, ನಡುವಿನ ವ್ಯಾಪಾರಿಯ ಲಾಭ ಎಲ್ಲ ಸೇರಿಕೊಳ್ಳುತ್ತದೆ. ಚಿತ್ರಗಾರರೇ ಮೇಳಕ್ಕೆ ಬಂದು ಮಾರುತ್ತಿದ್ದರೆ ಆ ಹೆಚ್ಚಿನ ದುಡ್ಡು ಅವರಿಗೇ ಹೋಗುತ್ತದೆ. ಅಂಥ ಕಡೆ ನಾನು ಸಂತೋಷದಿಂದ ಕೊಡುತ್ತೇನೆ. ನಡುವಿನವರು ಮಾರುತ್ತಿದ್ದರೆ ಸುಮ್ನೆ ನೋಡಿ, ಊರಿಗೆ ಬಂದ ಮೇಲೆ ಕಿನ್ನಾಳಕ್ಕೇ ಹೋಗಿ. ಕೊಪ್ಪಳದಿಂದ ಅರ್ಧ ಗಂಟೆ ದಾರಿ.

ಅಸಲಿ ಗುರುತಿಸಲು ಕೈಯಲ್ಲಿ ಎತ್ತಿ ನೋಡಿ. ಮರ ಹಗುರ, ಗಾತ್ರ ನೋಡಿ ಅಂದಾಜಿಸಿದ್ದಕ್ಕಿಂತ ತೂಕ ಕಮ್ಮಿ ಇರುತ್ತದೆ. ಅಚ್ಚಿನಲ್ಲಿ ಎರೆದ ಗೊಂಬೆಗೆ ಎರಡು ಭಾಗ ಕೂಡಿದ ಗೆರೆ ಬದಿಯಲ್ಲಿ ಕಾಣುತ್ತದೆ. ಬುಡ ತಿರುಗಿಸಿ ನೋಡಿ, ಬಣ್ಣ ಬೀಳದ ಕಡೆ ಮರ ಇಣುಕುತ್ತದೆ. ಎರಡು ಗೊಂಬೆ ಪಕ್ಕಪಕ್ಕ ಇಟ್ಟು ಕಣ್ಣು ಹುಬ್ಬು ಹೋಲಿಸಿ. ಕೈಯಲ್ಲಿ ಬರೆದದ್ದು ಎರಡು ಒಂದೇ ಥರ ಇರುವುದಿಲ್ಲ. ಕಿನ್ನಾಳ ಗೊಂಬೆಗೂ ಜಿಐ ಮಾನ್ಯತೆ ಇದೆ. ಬೇರೆಡೆ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ.

ಲಂಬಾಣಿ ಕಸೂತಿ ಎಲ್ಲ ಕಡೆ ಕಾಣುತ್ತೆ. ಕೈಯಲ್ಲಿ ಹಾಕಿದ್ದು ಯಾವುದು, ಮಷಿನ್‌ನದ್ದು ಯಾವುದು?

ಬಟ್ಟೆ ತಿರುಗಿಸಿ ಹಿಂಬದಿ ನೋಡಿ. ಮಷಿನ್ ಕೆಲಸದ ಹಿಂದೆ ಒಂದೇ ಬಣ್ಣದ ದಾರ ಸಾಲಾಗಿ ಓಡಿರುತ್ತದೆ, ಎಲ್ಲೂ ಹೆಚ್ಚುಕಮ್ಮಿ ಇಲ್ಲ. ಕೈ ಹೊಲಿಗೆಯ ಹಿಂದೆ ಹೊಲಿಗೆಯ ಉದ್ದ ಒಂಚೂರು ಏರುಪೇರಾಗಿರುತ್ತದೆ, ದಾರ ಮುಗಿದು ಹೊಸದು ಹಿಡಿದ ಜಾಗ ಗೊತ್ತಾಗುತ್ತದೆ. ಕನ್ನಡಿ ತುಣುಕನ್ನು ಉಗುರಿನಿಂದ ತಟ್ಟಿ. ಈಗ ಪ್ಲಾಸ್ಟಿಕ್ ಮಿಂಚು ಹಾಕಿದ್ದು ಬಹಳ. ಕನ್ನಡಿಯನ್ನು ಸುತ್ತ ದಾರದಿಂದ ಬಿಗಿದಿದ್ದಾರೋ, ಗಮ್ ಹಾಕಿ ಅಂಟಿಸಿದ್ದಾರೋ ಅದನ್ನೂ ನೋಡಿ.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲೇ ಜಿಐ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಕಾರ್ಯಗುಂಪಿನ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಆಯಿತು. ಇಷ್ಟೆಲ್ಲ ಆದ ಮೇಲೂ ದೊಡ್ಡ ಊರಿನ ಸಂತೆಯಲ್ಲಿ ಇದನ್ನು ಎಲ್ಲಿಂದಲೋ ಬಂದ ಕೆಲಸ ಅಂತ ಮಾರುವುದನ್ನು ಕಂಡರೆ ನನಗೆ ಬೇಸರ. ಅಂಥ ಅಂಗಡಿಯಲ್ಲಿ ‘ಇದು ಯಾವ ಊರಿನದು, ಯಾರು ಹಾಕಿದ್ದು?’ ಅಂತ ಕೇಳಿ. ಕೊಳ್ಳುವವರು ಕೇಳುತ್ತಾ ಹೋದರೆ ಮಾರುವವರು ಹೆಸರು ಹೇಳುವುದನ್ನು ರೂಢಿ ಮಾಡಿಕೊಳ್ಳುತ್ತಾರೆ.

ಇಳಕಲ್ ಸೀರೆ, ಬಿದ್ರಿ, ಕೌದಿ ಇವನ್ನೆಲ್ಲ ಅಲ್ಲಿ ಕೊಳ್ಳಬಹುದಾ?

ಇಳಕಲ್ ಸೀರೆಗೆ ಅಷ್ಟು ದೂರ ಯಾಕೆ? ಕುಷ್ಟಗಿ ದಾಟಿದರೆ ಇಳಕಲ್. ಮನೆಯಲ್ಲಿ ಅವ್ವನ ಸೀರೆ ಇದ್ದರೆ ಒಮ್ಮೆ ಬಿಡಿಸಿ ನೋಡಿ. ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ಕೂಡಿಸಿರುವುದು ಕಾಣುತ್ತದೆ. ಅದನ್ನು ತೋಪುತೆನಿ ಅನ್ನುತ್ತಾರೆ. ಆ ಕೂಡಿಕೆ ಇಲ್ಲದೆ ಬಣ್ಣ ಮಾತ್ರ ಹೋಲುವ ಪವರ್‌ಲೂಮ್ ಸೀರೆಗಳು ಸಂತೆಯಲ್ಲಿ ಬೇಕಾದಷ್ಟಿವೆ. ಕೈಮಗ್ಗದ ಬೆಲೆ ಕೊಟ್ಟು ಅದನ್ನು ತರಬೇಡಿ.

ಬಿದ್ರಿ ಸಾಮಾನಿನ ಲೋಹ ಸತು ಮತ್ತು ತಾಮ್ರದ ಮಿಶ್ರಣ. ಅದನ್ನು ಕೊರೆದು ಬೆಳ್ಳಿ ಕೂರಿಸುತ್ತಾರೆ. ಆ ಕಪ್ಪು ಬಣ್ಣ ಬರುವುದು ಬೀದರ್ ಕೋಟೆಯ ಮಣ್ಣಿನಿಂದ. ನಕಲಿಯಲ್ಲಿ ಕಪ್ಪು ಪೇಂಟ್ ಮೇಲೆ ಬಿಳಿ ಚಿತ್ರ ಇರುತ್ತದೆ, ತೂಕವೂ ಕಮ್ಮಿ. ಒಂದೇ ಗಾತ್ರದ ಎರಡು ಡಬ್ಬಿಗೆ ಬೆಲೆ ಬೇರೆ ಇದ್ದರೆ ಬೆಳ್ಳಿ ಎಷ್ಟು ಕೂರಿಸಿದ್ದಾರೆ ಅಂತ ನೋಡಿ.

ಕೌದಿಯನ್ನು ಈಗ ಕರಕುಶಲ ಮೇಳಗಳಲ್ಲಿ ಗೋಡೆಗೆ ತೂಗುಹಾಕಿ ಮಾರುತ್ತಾರೆ. ಬೆಲೆ ಕೇಳಿ ನಮ್ಮ ಕಡೆಯವರು ಹೌಹಾರುತ್ತಾರೆ. ನನ್ನ ಪ್ರಕಾರ ಆ ಬೆಲೆ ಸರಿ. ಹಳೆ ಸೀರೆ, ಧೋತರ ಕೂಡಿಸಿ ಉದ್ದಕ್ಕೂ ಕೈಯಲ್ಲೇ ಹೊಲಿಗೆ ಹಾಕುವುದು ವಾರಗಟ್ಟಲೆಯ ದುಡಿಮೆ. ಮನೆಯ ಹೆಣ್ಣುಮಕ್ಕಳು ಪುಕ್ಕಟೆ ಮಾಡಿಕೊಟ್ಟಿದ್ದರಿಂದ ನಾವು ಅದಕ್ಕೆ ಬೆಲೆ ಕಟ್ಟಲೇ ಇಲ್ಲ.

ಚೌಕಾಸಿ ಎಷ್ಟು ಮಾಡಬಹುದು?

ಹಳೆ ಸಾಮಾನಿನ ಸಂತೆಯಲ್ಲಿ ಧಾರಾಳವಾಗಿ. ಅವರೂ ಅದನ್ನೇ ಎಣಿಸಿ ಬೆಲೆ ಹೇಳಿರುತ್ತಾರೆ. ಒಂದೇ ಸಾಮಾನು ನಾಲ್ಕು ಕಡೆ ಇದ್ದರೆ ನಾಲ್ಕೂ ಕಡೆ ಕೇಳಿ, ಕಡೆಗೆ ಮೊದಲನೆಯವರ ಹತ್ತಿರ ಬನ್ನಿ. ಬೇಕಾದ ಸಾಮಾನನ್ನು ಮೊದಲು ಕೈಗೆ ಎತ್ತಿಕೊಳ್ಳಬೇಡಿ, ಪಕ್ಕದ್ದರ ಬೆಲೆ ಕೇಳುತ್ತಾ ಅದಕ್ಕೆ ಬನ್ನಿ. ಬೋಣಿ ಹೊತ್ತಿನಲ್ಲಿ ಕೆಲವರು ಬೇಗ ಇಳಿಯುತ್ತಾರೆ. ಆದರೆ ಬೋಣಿ ಹೊತ್ತಿನಲ್ಲಿ ಬೆಲೆ ಒಪ್ಪಿಸಿ ಆಮೇಲೆ ಬೇಡ ಅಂತ ಎದ್ದು ಹೋಗಬಾರದು. ನಮ್ಮ ಸಂತೆಯಲ್ಲಿ ಅದು ಎಷ್ಟು ಕೆಟ್ಟದ್ದೋ ಅಲ್ಲೂ ಅಷ್ಟೇ.

ಮಾಡಿದವರೇ ಕೂತಿದ್ದರೆ ಚೌಕಾಸಿ ಬೇಡ. ಎರಡು ಮೂರು ತೆಗೆದುಕೊಂಡರೆ ‘ಏನಾದರೂ ಕಮ್ಮಿ ಆಗುತ್ತಾ?’ ಅಂತ ಒಂದು ಸಲ ಕೇಳುವುದು ತಪ್ಪಲ್ಲ. ಅವರು ಇಲ್ಲ ಅಂದರೆ ಅಲ್ಲಿಗೆ ಬಿಡಿ. ನಿಮಗೆ ಆ ಬೆಲೆ ಎಟುಕದಿದ್ದರೆ ಚಿಕ್ಕ ಸಾಮಾನು ತೆಗೆದುಕೊಳ್ಳಿ. ಮಾಲ್‌ನಲ್ಲಿ ಚೀಟಿಯಲ್ಲಿದ್ದಷ್ಟು ಕೊಟ್ಟು ಬರುವ ನಾವು, ಮೂರು ದಿನ ಮಳಿಗೆಯಲ್ಲಿ ಮಲಗೆದ್ದು ಮಾರುವವರ ಹತ್ತಿರ ಐವತ್ತು ರೂಪಾಯಿಗೆ ಜಗಳ ಆಡುವುದು ನನಗೆ ಸರಿ ಕಾಣುವುದಿಲ್ಲ.

ಹಿತ್ತಾಳೆ, ತಾಮ್ರ, ಹಳೆ ಗಡಿಯಾರ ಇವುಗಳಲ್ಲಿ ಮೋಸ ಹೋಗದಿರುವುದು ಹೇಗೆ?

ಜೇಬಿನಲ್ಲಿ ಒಂದು ಚಿಕ್ಕ ಆಯಸ್ಕಾಂತ ಇಟ್ಟುಕೊಳ್ಳಿ. ಹಿತ್ತಾಳೆ, ತಾಮ್ರ, ಕಂಚಿಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಲೇಪ. ಜರ್ಮನ್ ಸಿಲ್ವರ್ ಅಂದರೆ ಬೆಳ್ಳಿ ಅಲ್ಲ. ತಾಮ್ರ, ನಿಕ್ಕಲ್, ಸತು ಸೇರಿದ ಲೋಹ ಅದು, ಬೆಳ್ಳಿ ಒಂದು ಚೂರೂ ಇಲ್ಲ.

ಹಿತ್ತಾಳೆ ತುತ್ತೂರಿಯ ಗ್ರಾಮಫೋನ್ ನೋಡಲು ಚೆಂದ. ಆದರೆ ಅದರಲ್ಲಿ ಬಹುಪಾಲು ಈಚೆಗೆ ಬಿಡಿಭಾಗ ಜೋಡಿಸಿ ಮಾಡಿದ್ದು. ಮನೆಯಲ್ಲಿ ಇಡಲು ಬೇಕಾದರೆ ಕೊಳ್ಳಿ, ಹಳೆಯದು ಅನ್ನುವ ಬೆಲೆ ಕೊಡಬೇಡಿ. ಎಚ್‌ಎಂಟಿ ಕೈಗಡಿಯಾರದ ಕಥೆಯೂ ಹಾಗೇ. 1961ರಲ್ಲಿ ಬೆಂಗಳೂರಿನ ಕಾರ್ಖಾನೆಯಲ್ಲಿ ಶುರುವಾದ ಗಡಿಯಾರ, ಎಷ್ಟೋ ಅಪ್ಪಂದಿರ ಮದುವೆ ಉಡುಗೊರೆ. ಅದಕ್ಕೇ ಈಗ ಬೇಡಿಕೆ. ಡಯಲ್ ಮೇಲಿನ ಬಣ್ಣ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದರೆ, ಅಕ್ಷರಗಳ ಅಂಚು ಹರಡಿದ್ದರೆ, ಅದು ಮರು ಬಣ್ಣ ಬಳಿದ ಡಯಲ್. ಕೀಲಿ ಕೊಟ್ಟು, ಸ್ವಲ್ಪ ಹೊತ್ತು ಕಿವಿಗೆ ಹಿಡಿದು, ಮುಳ್ಳು ಓಡುವುದನ್ನು ನೋಡಿಯೇ ದುಡ್ಡು ಕೊಡಿ.

ಹಳೆ ನಾಣ್ಯ, ವಿಗ್ರಹ ಕೊಳ್ಳಬಹುದಾ?

ಹಂಪಿ, ಆನೆಗೊಂದಿ ಸುತ್ತಮುತ್ತಲಿನವರು ಇದನ್ನು ಗಮನಕೊಟ್ಟು ಓದಬೇಕು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಶಿಲ್ಪ, ನಾಣ್ಯ, ಚಿತ್ರಗಳು ಪ್ರಾಚ್ಯವಸ್ತುಗಳು. ಹಸ್ತಪ್ರತಿಗೆ 75 ವರ್ಷ ಸಾಕು. ಇವುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು, ದೇಶದ ಹೊರಗೆ ಒಯ್ಯುವಂತಿಲ್ಲ. ಹಳೆ ಗುಡಿಯ ವಿಗ್ರಹ ಅಂತ ಯಾರಾದರೂ ಗುಟ್ಟಾಗಿ ತೋರಿಸಿದರೆ ಅಲ್ಲಿಂದ ಎದ್ದುಬಿಡಿ. ಸುಳ್ಳಾದರೆ ದುಡ್ಡು ಹೋಯಿತು, ನಿಜವಾದರೆ ಯಾವುದೋ ಊರಿನ ದೇವರು ಕಳುವಾಗಿದೆ ಅಂತ ಅರ್ಥ.

ರಾಮ, ಸೀತೆ, ಹನುಮಂತರ ಚಿತ್ರ ಇರುವ ‘1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ’ ಎಲ್ಲ ಸಂತೆಯಲ್ಲೂ ಇದೆ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಅದಕ್ಕೆ ಲಕ್ಷ ರೂಪಾಯಿ ಬರುತ್ತದೆ ಅನ್ನುವ ವಾಟ್ಸ್ಆ್ಯಪ್ ಮಾತು ನಂಬಬೇಡಿ. ಆನೆ ದಂತ, ಜಿಂಕೆ ಕೊಂಬು, ಹುಲಿ ಉಗುರು ಮುಟ್ಟಲೇಬೇಡಿ. ವನ್ಯಜೀವಿ ಕಾಯ್ದೆ ಕೆಳಗೆ ಇಟ್ಟುಕೊಂಡವರ ಮೇಲೂ ಕೇಸ್ ಆಗುತ್ತದೆ.

ಸೆಕೆಂಡ್ ಹ್ಯಾಂಡ್ ಮೊಬೈಲ್?

ಬಿಲ್ ಇಲ್ಲದಿದ್ದರೆ ಬೇಡ. ಕೊಳ್ಳಲೇಬೇಕಾದರೆ *#06# ಒತ್ತಿ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ತೆಗೆದು, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ. ಕಳುವಿನ ಫೋನ್ ಅಂತ ಬ್ಲಾಕ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಏನೂ ಕೊಳ್ಳದೆ ಸುಮ್ನೆ ನೋಡಿ ಬಂದರೆ ಬೇಜಾರು ಮಾಡಿಕೊಳ್ಳಲ್ವಾ?

ಇಲ್ಲ. ನೋಡುವುದಕ್ಕೇ ಹೋಗಬೇಕು ಅನ್ನುವವನು ನಾನು. ಜನ ಒತ್ತಿ ಬಂದ ಹೊತ್ತಲ್ಲಿ ಮಾತ್ರ ಅಂಗಡಿ ಮುಂದೆ ಅಡ್ಡ ನಿಂತು ವಿವರ ಕೇಳಬೇಡಿ. ಮಧ್ಯಾಹ್ನ ಬಿಡುವಾದಾಗ ಕೇಳಿ, ಖುಷಿಯಿಂದ ಹೇಳುತ್ತಾರೆ. ಫೋಟೊ ತೆಗೆಯುವ ಮುಂಚೆ ಕೇಳಿ. ತಮ್ಮ ವಿನ್ಯಾಸ ಕದ್ದು ಮಷಿನ್‌ನಲ್ಲಿ ಹೊಡೆಸುತ್ತಾರೆ ಅನ್ನುವ ಭಯ ಅವರಿಗಿದೆ, ಆ ಭಯ ನ್ಯಾಯವಾದದ್ದೇ.

ದುಡ್ಡು, ಚೀಲ, ಪ್ಯಾಕಿಂಗ್?

ಫೋನ್‌ಪೇ ಎಲ್ಲ ಕಡೆ ನಡೆಯುತ್ತದೆ. ಆದರೂ ಹಳೆ ಸಾಮಾನಿನ ಸಂತೆಗೆ ಚಿಲ್ಲರೆ ಇರಲಿ. ಜನಸಂದಣಿಯಲ್ಲಿ ಪರ್ಸ್ ಮುಂದಿನ ಜೇಬಿನಲ್ಲಿಡಿ. ಒಂದು ಗಟ್ಟಿ ಕೈಚೀಲ, ಒಂದು ಹಳೆ ಟವೆಲ್ ಒಯ್ಯಿರಿ. ಗೊಂಬೆ, ಗಾಜಿನ ಸಾಮಾನನ್ನು ಟವೆಲ್‌ನಲ್ಲಿ ಸುತ್ತಿ ರೈಲಿನಲ್ಲಿ ತಲೆ ಹತ್ತಿರ ಇಟ್ಟುಕೊಳ್ಳಿ, ಸೀಟಿನ ಕೆಳಗೆ ನೂಕಬೇಡಿ.

ನಮ್ಮ ಜಿಲ್ಲೆಗಳಲ್ಲೇ ಇಂಥದ್ದು ನೋಡೋಕೆ ಇಲ್ವಾ?

ಇದೆ, ಮತ್ತು ದೊಡ್ಡ ಊರಿಗೆ ಹೋಗುವ ಮೊದಲು ಇವನ್ನು ನೋಡಿದರೆ ಕಣ್ಣು ಪಳಗುತ್ತದೆ. ಕಿನ್ನಾಳ, ಸಂಡೂರು ಆಗಲೇ ಹೇಳಿದೆ. ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಕೆಲಸವನ್ನು ಊರಿನ ಹೆಣ್ಣುಮಕ್ಕಳಿಗೆ ಕಲಿಸಿದೆ. ಗೊನೆ ಕಡಿದ ಮೇಲೆ ಬಿಸಾಡುತ್ತಿದ್ದ ಬಾಳೆ ದಿಂಡಿನಿಂದ ನಾರು ತೆಗೆದು, ಹೊಸೆದು, ಚೀಲ, ಬುಟ್ಟಿ ಹೆಣೆಯುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರು ಅಂಗಡಿ ಸಾಲನ್ನು ಆತುರವಿಲ್ಲದೆ ನೋಡಿ ಬನ್ನಿ.

ನಾನೇ ಗೊಂಬೆ ಮಾಡ್ತೀನಿ, ಕಸೂತಿ ಹಾಕ್ತೀನಿ. ಇಂಥ ಸಂತೆಯಲ್ಲಿ ಮಳಿಗೆ ಸಿಗುತ್ತಾ?

ಸಿಗುತ್ತದೆ. ಮೊದಲು ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡುವ ‘ಪೆಹಚಾನ್’ ಗುರುತಿನ ಚೀಟಿ ಮಾಡಿಸಿಕೊಳ್ಳಿ. ಸರ್ಕಾರದ ಮೇಳಗಳಲ್ಲಿ ಜಾಗ ಕೇಳುವಾಗ ಅದು ಕೆಲಸಕ್ಕೆ ಬರುತ್ತದೆ. ಸ್ವಸಹಾಯ ಸಂಘದಲ್ಲಿರುವ ಹೆಣ್ಣುಮಕ್ಕಳು ಸಂಘಗಳ ಸಾಮಾನು ಮಾರಲು ಸರ್ಕಾರ ನಡೆಸುವ ಸರಸ್ ಮೇಳದ ಬಗ್ಗೆ ಜಿಲ್ಲಾ ಪಂಚಾಯಿತಿಯ ಸಂಜೀವಿನಿ ವಿಭಾಗದಲ್ಲಿ ಕೇಳಬೇಕು. 2023ರ ಸೆಪ್ಟೆಂಬರ್‌ನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ಮಾಡುವುದೂ ಸೇರಿದೆ. ತರಬೇತಿ, ಸಲಕರಣೆಗೆ 15,000 ರೂಪಾಯಿ, 5 ಪರ್ಸೆಂಟ್ ಬಡ್ಡಿಗೆ ಎರಡು ಕಂತಿನಲ್ಲಿ 3 ಲಕ್ಷದವರೆಗೆ ಸಾಲ ಇದೆ.

ಮಳಿಗೆ ಸಿಕ್ಕ ಮೇಲೆ ಎರಡು ಕೆಲಸ ಮಾಡಿ. ಪ್ರತಿ ಸಾಮಾನಿನ ಮೇಲೂ ನಿಮ್ಮ ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಕಟ್ಟಿ. ಅರ್ಧ ಮಾಡಿದ ಒಂದು ಗೊಂಬೆಯನ್ನೋ ಸೂಜಿ ಚುಚ್ಚಿದ ಬಟ್ಟೆಯನ್ನೋ ಮುಂದಿಟ್ಟುಕೊಂಡು ಕೆಲಸ ಮಾಡುತ್ತಾ ಕೂರಿ. ಜನ ನಿಂತು ನೋಡುತ್ತಾರೆ, ಬೆಲೆ ಯಾಕೆ ಅಷ್ಟು ಅಂತ ನೀವು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.